ಬನ್ನಕ್ಕ ನೋಡುತ್ತಿದ್ದ ಬಾಗಿಲು

ಬಟನ್ ಮೊದಲು ಅಳಿಸಿದ್ದು ಒಂದು ಬಕೆಟ್ಟನ್ನು.

ನೀಲಿ ಪ್ಲಾಸ್ಟಿಕ್ ಬಕೆಟ್. ಹಿಡಿಕೆ ಮುರಿದಿತ್ತು, ತಂತಿ ಕಟ್ಟಿದ್ದರು. ಮದುಮಗಳ ಫೋಟೊದಲ್ಲಿ ಅದಕ್ಕೇನು ಕೆಲಸ? ಪಕ್ಕದ ಗೋಡೆಯ ಒಂದು ತುಣುಕನ್ನು ಮೌಸಿನಿಂದ ಎತ್ತಿಕೊಂಡು ಬಕೆಟ್ಟಿನ ಮೇಲೆ ಮೆತ್ತಿದಳು. ಇನ್ನೊಮ್ಮೆ ಮೆತ್ತಿದಳು. ಬಕೆಟ್ ಹೋಗಿ ಹಿಡಿಕೆ ಮಾತ್ರ ಗಾಳಿಯಲ್ಲಿ ನೇತಾಡಿತು. ಆಮೇಲೆ ಅದೂ ಹೋಯಿತು.

"ಹೋಗ್ಬಾ ಬಕೆಟ್ಟೇ," ಎಂದಳು ಬಟನ್.

ಅದರ ಹಿಂದೆ ಹಿಟ್ಟಿನ ಮೂಟೆಗಳು ಹೋದವು. ಟ್ರೇ ಜೋಡಿಸಿದ್ದ ಸ್ಟ್ಯಾಂಡಿನ ಕಂಬಿಗಳು ಮದುಮಗಳ ತಲೆಯಿಂದ ಕೊಂಬು ಹೊರಟಂತೆ ಕಾಣುತ್ತಿದ್ದವು; ಅವೂ ಹೋದವು. ಕೊನೆಗೆ ಉಳಿದದ್ದು ಹಿಂಬಾಗಿಲಲ್ಲಿ ನಿಂತಿದ್ದ ಒಬ್ಬ ಮನುಷ್ಯ.

ಯಾರೋ ಕೆಲಸದವರಿರಬೇಕು. ಏಪ್ರನ್ ಕಟ್ಟಿಕೊಂಡು, ತಲೆ ಸ್ವಲ್ಪ ಓರೆ ಮಾಡಿಕೊಂಡು ಹೊಸ್ತಿಲ ಮೇಲೆ ನಿಂತಿದ್ದರು. ಪಾಪ, ಫೋಟೊ ತೆಗೆಯುತ್ತಿದ್ದಾರೆಂದು ತಿಳಿಯದೆ ಅಡ್ಡ ಬಂದಿರಬೇಕು. ಬಟನ್ ಅವರ ಮುಖವನ್ನು ದೊಡ್ಡದು ಮಾಡಿ ನೋಡಲಿಲ್ಲ. ಬಕೆಟ್ಟನ್ನು ಯಾರಾದರೂ ದೊಡ್ಡದು ಮಾಡಿ ನೋಡುತ್ತಾರೆಯೇ?

ಬಾಗಿಲಾಚೆ ಬೆಳಗಿನ ಬಿಸಿಲಿತ್ತು. ಆ ಬಿಸಿಲನ್ನೇ ಚೂರು ಚೂರಾಗಿ ಎತ್ತಿ ಅವರ ಮೇಲೆ ಸುರಿದಳು. ಭುಜ ಹೋಯಿತು. ಏಪ್ರನ್ ಹೋಯಿತು. ತಲೆ ಹೋಯಿತು. ಬಾಗಿಲ ತುಂಬ ಬರೀ ಬೆಳಕು ಉಳಿಯಿತು.

ಬಟನ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನೋಡಿದಳು. ಖಾಲಿ ಗೋಡೆ, ಬೆಳಕಿನ ಬಾಗಿಲು, ನಡುವೆ ಹಾಲುಕೆನೆ ಬಣ್ಣದ ಉದ್ದ ಬಟ್ಟೆಯಲ್ಲಿ ಬನ್ನಕ್ಕ. ಥೇಟ್ ಕ್ಯಾಲೆಂಡರಿನ ಹಾಗೆ! ಅವಳು ಸೇವ್ ಒತ್ತಿದಳು.

ಬಟನ್ ಎಂಬ ಹೆಸರು ಬಂದದ್ದೇ ಹಾಗೆ. ಅಂಬೆಗಾಲಿಡುವಾಗಲೇ ಅಮ್ಮನ ಸ್ಟುಡಿಯೋದಲ್ಲಿ ಕಂಡ ಕಂಡ ಬಟನ್ ಒತ್ತುತ್ತಿದ್ದಳಂತೆ. ಫ್ಲ್ಯಾಶ್ ಹೊಡೆದರೆ ಬೇರೆ ಮಕ್ಕಳು ಅಳುತ್ತವೆ, ಇವಳು ಇನ್ನೊಮ್ಮೆ ಒತ್ತುತ್ತಿದ್ದಳು. ಶಾಲೆಯಲ್ಲಿ ಅವಳಿಗೆ ಬೇರೆ ಹೆಸರಿದೆ. ಅದನ್ನು ಕರೆಯುವುದು ಟೀಚರ್ ಒಬ್ಬರೇ, ಅದೂ ಸಿಟ್ಟು ಬಂದಾಗ.

ಮುಂದಿನ ಕೋಣೆ ಸ್ಟುಡಿಯೋ, ಹಿಂದಿನ ಎರಡು ಕೋಣೆ ಮನೆ. ಇರುವವರು ಅಮ್ಮ ಮತ್ತು ಬಟನ್. ಬಟನ್ ಗುಣಾಕಾರ ಕಲಿಯುವ ಮೊದಲೇ ಬೆಳಕನ್ನು ಕಲಿತಿದ್ದಳು. ನೆತ್ತಿಯ ಮೇಲಿಂದ ಬಿದ್ದರೆ ಕಣ್ಣು ಗುಳಿ ಬೀಳುತ್ತದೆ. ಪಕ್ಕದಿಂದ ಬಂದರೆ ಮೂಗು ಎದ್ದು ಕಾಣುತ್ತದೆ. ಕತ್ತಲಾದ ಕಡೆಗೆ ಬಿಳಿಯ ಥರ್ಮೋಕೋಲ್ ಹಲಗೆ ಹಿಡಿದರೆ ಅಲ್ಲೂ ಮೆಲ್ಲಗೆ ಬೆಳಕು ಏಳುತ್ತದೆ. "ಹಿನ್ನೆಲೆ ಅಂದ್ರೆ ಮನೆಗೆ ಬಂದ ನೆಂಟರ ಹಾಗೆ," ಎನ್ನುತ್ತಿದ್ದಳು ಅಮ್ಮ. "ಇರ್ಬೇಕು, ಆದ್ರೆ ಜಾಸ್ತಿ ಮಾತಾಡಬಾರ್ದು."

ಆದರೆ ಕಂಪ್ಯೂಟರಿನಲ್ಲಿ ಬಟನ್‌ಗೆ ಸಿಗುತ್ತಿದ್ದದ್ದು ಐಡಿ ಕಾರ್ಡಿನ ಫೋಟೊಗಳು ಮಾತ್ರ. ಅವುಗಳಲ್ಲಿ ಧೂಳಿನ ಚುಕ್ಕೆ ತೆಗೆಯುವ ಕೆಲಸ.

"ದೊಡ್ಡ ಫೋಟೊ ಯಾವಾಗ ಕೊಡ್ತೀಯ?" ಎಂದು ನೆನ್ನೆಯೂ ಕೇಳಿದ್ದಳು.

"ಕೈ ಪಳಗಿದ ಮೇಲೆ."

"ನನ್ನ ಕೈ ಪಳಗಿದೆ."

"ಬಾಯಿ ಪಳಗಿದೆ," ಎಂದಿದ್ದಳು ಅಮ್ಮ. "ಕೈಗೆ ಇನ್ನೂ ಟೈಮಿದೆ."

ಇವತ್ತು ತೋರಿಸಿಬಿಡಬೇಕು ಎಂದುಕೊಂಡಿದ್ದಳು. ಅಮ್ಮ ಬೆಳಿಗ್ಗೆ ಬೇಕರಿಯ ಹಿಟ್ಟಿನ ಕೋಣೆಯಲ್ಲಿ ಬನ್ನಕ್ಕನ ಮದುವೆ ಫೋಟೊ ತೆಗೆದು, ಕಂಪ್ಯೂಟರಿಗೆ ಹಾಕಿ, ಊರಾಚೆಯ ಶಾಲೆಗೆ ಐಡಿ ಫೋಟೊ ತೆಗೆಯಲು ಓಡಿದ್ದಳು. ಬಟನ್ ಶಾಲೆಯಿಂದ ಬಂದಾಗ ಕುರ್ಚಿ ಖಾಲಿಯಿತ್ತು.

ಬೀದಿಯ ತಿರುವಿನಲ್ಲೇ ಬೇಕರಿ. ಗಲ್ಲಾದಲ್ಲಿ ನಿಲ್ಲುವ ಬನ್ನಕ್ಕನ ಕೈಯಿಂದ ಬನ್ ತಿನ್ನದೆ ಆ ಬೀದಿಯಲ್ಲಿ ಯಾವ ಮಗುವೂ ದೊಡ್ಡದಾಗಿಲ್ಲ. ಅವಳ ಬೆನ್ನ ಹಿಂದಿನ ಗೋಡೆಯಲ್ಲಿ ಒಂದು ಕಿಂಡಿ. ಅದರೊಳಗಿಂದ ಎರಡು ಕೈಗಳು ಬಿಸಿ ಟ್ರೇಯನ್ನು ಮುಂದಕ್ಕೆ ತಳ್ಳುತ್ತವೆ, ಖಾಲಿ ಟ್ರೇಯನ್ನು ಎಳೆದುಕೊಳ್ಳುತ್ತವೆ. ಹಿಟ್ಟು ಮೆತ್ತಿದ ದೊಡ್ಡ ಕೈಗಳು. ಬನ್ನಕ್ಕನ ಅಪ್ಪನವು. ಕೈಗಳ ಹಿಂದಿನ ಮನುಷ್ಯನನ್ನು ಮಕ್ಕಳು ಯಾರೂ ಕಂಡಿರಲಿಲ್ಲ. ಹಾಗಾಗಿ ಎಲ್ಲರೂ ಅವರನ್ನು ಕೈಮಾವ ಎನ್ನುತ್ತಿದ್ದರು.

ನಾಳಿದ್ದು ಬನ್ನಕ್ಕನ ಮದುವೆ. ಆಮೇಲೆ ಅವಳು ದೂರದ ಊರಿಗೆ ಹೋಗಿಬಿಡುತ್ತಾಳೆ.

ಅಮ್ಮ ಬಂದಾಗ ಬೀದಿಯ ದೀಪ ಹತ್ತಿತ್ತು.

"ಅಮ್ಮಾ, ಕಣ್ಣು ಮುಚ್ಕೋ."

"ಕಾಲು ಬಿದ್ದೋಗ್ತಿದೆ ಬಟನ್. ಕಣ್ಣು ಮುಚ್ಚಿದ್ರೆ ನಿಂತಲ್ಲೇ ನಿದ್ದೆ ಮಾಡ್ತೀನಿ."

"ಮುಚ್ಕೋ ಅಂದ್ರೆ ಮುಚ್ಕೋ! ಹ್ಞಾಂ, ಈಗ ಬಿಡು."

ಅಮ್ಮ ಹೆಗಲಿನ ಬ್ಯಾಗನ್ನೂ ಇಳಿಸದೆ ಪರದೆಯನ್ನು ನೋಡಿದಳು. ಬಟನ್ ಮೈಯೆಲ್ಲ ಕಿವಿಯಾಗಿ 'ಭೇಷ್' ಎನ್ನುವುದನ್ನು ಕಾದಳು.

"ಅವರೆಲ್ಲಿ?" ಎಂದಳು ಅಮ್ಮ.

"ಯಾರು?"

"ಬಾಗಿಲಲ್ಲಿ ಇದ್ರಲ್ಲ."

"ಓ, ಅವರಾ? ಅಡ್ಡ ಬಂದಿದ್ರು, ತೆಗ್ದೆ. ಅಲ್ಲಿ ಯಾರಾದ್ರೂ ಇದ್ರು ಅಂತ ಗೊತ್ತೇ ಆಗಲ್ಲ, ಅಲ್ವಾ?"

ಅಮ್ಮ ಬ್ಯಾಗ್ ಇಳಿಸಿದಳು. ಮೌಸ್ ಹಿಡಿದು ಫೋಲ್ಡರ್ ತೆರೆದಳು, ಇನ್ನೊಂದು ತೆರೆದಳು. "ಕಾಪಿ ಮಾಡ್ಕೊಂಡು ತಾನೇ ಕೆಲಸ ಮಾಡಿದ್ದು?"

ಬಟನ್ ನಾಲಿಗೆ ಕಚ್ಚಿಕೊಂಡಳು. ಮೂಲ ಫೋಟೊ ಮುಟ್ಟಬಾರದು ಎಂಬುದು ಸ್ಟುಡಿಯೋದ ಮೊದಲ ಪಾಠ. ಆದರೆ ಐಡಿ ಫೋಟೊಗಳಿಗೆ ಅಮ್ಮನೇ ಕಾಪಿ ಮಾಡಿಟ್ಟು ಕೊಡುತ್ತಿದ್ದಳು. ಇವತ್ತು ಮಾಡಿಡಲು ಅಮ್ಮ ಇರಲಿಲ್ಲ. ಬಟನ್ ಮೂಲದ ಮೇಲೆಯೇ ಮೆತ್ತಿ, ಅದರ ಮೇಲೆಯೇ ಸೇವ್ ಮಾಡಿ, ಒಮ್ಮೆ ಮುಚ್ಚಿಯೂ ಆಗಿತ್ತು.

"ಕ್ಯಾಮೆರಾದಲ್ಲಿ ಇರುತ್ತಲ್ಲ?" ಎಂದಳು ಸಣ್ಣ ದನಿಯಲ್ಲಿ.

ಅಮ್ಮ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟಳು. ಶಾಲೆಗೆ ಹೋಗುವ ಮೊದಲು ಅದರ ಕಾರ್ಡನ್ನು ಖಾಲಿ ಮಾಡಿದ್ದಳು. ಈಗ ಅದರ ತುಂಬ ಒಂದು ಇಡೀ ಶಾಲೆಯ ಮುಖಗಳು. ಅಳಿಸಿದ ಸ್ಲೇಟಿನ ಮೇಲೆ ಮತ್ತೆ ಬರೆದಾಗಿತ್ತು.

"ಅವರು ಕೈಮಾವ," ಎಂದಳು ಅಮ್ಮ.

"ಕಿಂಡಿಯ ಕೈಮಾವಾ?" ಎಂದಳು ಬಟನ್.

ಅಮ್ಮ ಕುರ್ಚಿ ಎಳೆದುಕೊಂಡು ಕುಳಿತಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬನ್ನಕ್ಕ ಆಗ ತೊಟ್ಟಿಲ ಮಗು. ಒಂದಿನ ಬೆಳಗಿನ ಜಾವ ಒಲೆ ಹಚ್ಚೋಕೆ ಹೋದಾಗ ಗ್ಯಾಸ್ ಭಗ್ಗಂತು. ಮುಖದ ಒಂದು ಕಡೆ ಪೂರ್ತಿ ಸುಟ್ಟೋಯ್ತು. ಆವತ್ತಿಂದ ಅವರು ಗಲ್ಲಾಕ್ಕೆ ಬಂದಿಲ್ಲ. ಒಂದು ಫೋಟೊಗೂ ನಿಂತಿಲ್ಲ. ಮಗಳ ಸ್ಕೂಲ್ ಡೇ ಫೋಟೊದಲ್ಲೂ ಇಲ್ಲ, ಹುಟ್ಟುಹಬ್ಬದ ಫೋಟೊದಲ್ಲೂ ಇಲ್ಲ."

"ಮತ್ತೆ ಇವತ್ತು ನಿಂತಿದ್ರಲ್ಲ?"

"ಅವರಿಗೇ ಗೊತ್ತಿಲ್ಲ. ಬನ್ನಕ್ಕ ನನ್ನ ಕೈ ಹಿಡ್ಕೊಂಡು ಕೇಳಿದ್ಲು, 'ಹೇಗಾದ್ರೂ ಮಾಡಿ ಅಪ್ಪ ನನ್ನ ಜೊತೆ ಒಂದು ಫೋಟೊದಲ್ಲಿ ಬರ್ಬೇಕು ಅಕ್ಕ' ಅಂತ. ಅದಕ್ಕೇ ಸ್ಟುಡಿಯೋ ಬಿಟ್ಟು ಹಿಟ್ಟಿನ ಕೋಣೆ. 'ಬಾಗಿಲು ಬಡ್ಕೊಳ್ತಿದೆ, ಸ್ವಲ್ಪ ಹಿಡ್ಕೊಂಡಿರಪ್ಪ' ಅಂತ ಸುಳ್ಳು ಹೇಳಿ ಅವಳೇ ಅಲ್ಲಿ ನಿಲ್ಲಿಸಿದ್ಲು. ಅವರು ಈ ಕಡೆ ತಿರುಗಿದ್ದು ಒಂದೇ ಒಂದ್ಸಲ. ಉಳಿದಿದ್ರಲ್ಲೆಲ್ಲ ಬೆನ್ನು."

"ಬೇರೆ ಫೋಟೊದಿಂದ ಅವರ ಮುಖ ಕಟ್ ಮಾಡಿ ಅಂಟಿಸೋಣ್ವಾ?"

"ಯಾವ ಫೋಟೊದಿಂದ?"

ಬಟನ್ ಮೌಸನ್ನು ಅಮ್ಮನ ಕಡೆಗೆ ತಳ್ಳಿದಳು.

"ನಾನೂ ಅವರನ್ನ ಕೇಳ್ದೇ ತೆಗೆದೆ," ಎಂದಳು ಅಮ್ಮ, ತನಗೆ ತಾನೇ ಹೇಳಿಕೊಂಡ ಹಾಗೆ. "ಅದೂ ಒಂದಿದೆ."

ಪರದೆಯ ಮೇಲೆ ಬನ್ನಕ್ಕ ನಗುತ್ತಿದ್ದಳು. ಅಮ್ಮ ಬೆರಳಿಟ್ಟು ನೆಲವನ್ನು ತೋರಿಸಿದಳು. "ಇದನ್ನ ಮರ್ತಿದ್ದೀಯ."

ಹೊಸ್ತಿಲಿಂದ ಒಂದು ಉದ್ದನೆಯ ನೆರಳು ಹೊರಟು, ನೆಲದ ಮೇಲೆ ಮಲಗಿ, ಬನ್ನಕ್ಕನ ಬಟ್ಟೆಯ ಅಂಚನ್ನು ಮುಟ್ಟಿಕೊಂಡಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಇಲ್ಲದವರ ನೆರಳು.

ಆಗ ಬಟನ್‌ಗೆ ಇನ್ನೊಂದು ಕಾಣಿಸಿತು. ಬನ್ನಕ್ಕ ಕ್ಯಾಮೆರಾ ನೋಡುತ್ತಿರಲಿಲ್ಲ. ಕತ್ತು ತಿರುಗಿಸಿ ಬಾಗಿಲ ಕಡೆ ನೋಡುತ್ತಿದ್ದಳು. ಆ ನಗು ಅಲ್ಲಿದ್ದವರಿಗೆ ಕೊಟ್ಟ ನಗು. ಈಗ ಅದನ್ನು ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಸಂಜೆಯೆಲ್ಲ ಅದೇ ಮುಖವನ್ನು ಎದುರಿಗಿಟ್ಟುಕೊಂಡಿದ್ದರೂ ಬಟನ್ ಇದನ್ನು ನೋಡಿರಲಿಲ್ಲ.

ಮಾರನೆಯ ದಿನ ರಜೆ. ಅಮ್ಮ ಹಾಲು ಕಾಯಿಸುತ್ತಾ, "ನಾನು ಹೋಗಿ ಬನ್ನಕ್ಕನಿಗೆ ಹೇಳಿ ಬರ್ತೀನಿ," ಎಂದಳು.

"ನಾನೇ ಹೇಳ್ತೀನಿ," ಎಂದಳು ಬಟನ್. "ನಂಗೊಂದು ಪ್ರಿಂಟ್ ಕೊಡು. ಹೇಳೋಕೆ ಬಾಯಿ ಬರದೇ ಇದ್ರೆ ತೋರಿಸ್ತೀನಿ."

ಅಮ್ಮ ಅವಳ ಮುಖ ನೋಡಿದಳು. ಆಮೇಲೆ ಪ್ರಿಂಟರ್ ಹಾಕಿದಳು. ಹೊರಡುವಾಗ ಕ್ಯಾಮೆರಾ ಹೆಗಲಿಗೇರಿಸಿ, ಥರ್ಮೋಕೋಲ್ ಹಲಗೆಯನ್ನೂ ಕಂಕುಳಲ್ಲಿ ಇಟ್ಟುಕೊಂಡಳು. ಯಾಕೆ ಎಂದು ಬಟನ್ ಕೇಳಲಿಲ್ಲ. ಕೇಳಿದ್ದರೆ ಅಮ್ಮನಿಗೂ ಗೊತ್ತಿರಲಿಲ್ಲವೇನೋ.

ನಾಳೆ ಮದುವೆಯಾದರೂ ಬೇಕರಿ ತೆರೆದಿತ್ತು. ಊರಿಗೆ ಬ್ರೆಡ್ ಬೇಡವೇ? ಗಲ್ಲಾದಲ್ಲಿ ಬನ್ನಕ್ಕನೇ ಇದ್ದಳು.

"ಬಂದ್ರಾ ಫೋಟೊ ಕಂಪನಿಯವರು! ಅಕ್ಕಾ, ಹೇಗೆ ಬಂದಿದೆ? ಬಂದಿದಾರಾ?" ಕೊನೆಯ ಮಾತನ್ನು ಕಿಂಡಿಗೆ ಕೇಳಿಸದ ಹಾಗೆ ಪಿಸುಗುಟ್ಟಿದಳು.

ಬಟನ್ ಗಾಜಿನ ಕಪಾಟಿನ ಅಂಚು ಹಿಡಿದುಕೊಂಡಳು. "ಬಂದಿದ್ರು," ಎಂದಳು. "ನಾನು ಅಳಿಸ್ಬಿಟ್ಟೆ."

"ಏನನ್ನ?"

"ಕೈಮಾವನ್ನ. ಅಡ್ಡ ಬಂದಿರೋರು ಯಾರೋ ಅಂದ್ಕೊಂಡೆ. ಕಾಪಿ ಇಲ್ಲ. ಪೂರ್ತಿ ಹೋಯ್ತು."

ಬನ್ನಕ್ಕ ಒಮ್ಮೆ ಅಮ್ಮನನ್ನು, ಒಮ್ಮೆ ಬಟನ್‌ಳನ್ನು ನೋಡಿದಳು. ಅವಳ ಮುಖದಿಂದ ನಗು ಒಂದೇ ಸಲ ಹೋಗಲಿಲ್ಲ. ಬಕೆಟ್ಟಿನ ಹಾಗೆ, ಅರ್ಧ ಹೋಗಿ, ಸ್ವಲ್ಪ ನೇತಾಡಿ, ಆಮೇಲೆ ಹೋಯಿತು.

"ಇರ್ಲಿ ಬಿಡು," ಎಂದಳು. ಬಟ್ಟೆ ಎತ್ತಿಕೊಂಡು ಕಪಾಟಿನ ಗಾಜು ಒರೆಸತೊಡಗಿದಳು. ಗಾಜು ಆಗಲೇ ಶುಭ್ರವಾಗಿತ್ತು. ಆದರೂ ಅದೇ ಜಾಗವನ್ನು ಮತ್ತೆ ಮತ್ತೆ ಒರೆಸಿದಳು. "ಇನ್ನೊಂದ್ಸಲ ಅಂತೂ ಆಗಲ್ಲ. ಬಾಗಿಲು ಎಷ್ಟು ಸಲ ಬಡ್ಕೊಳ್ಳುತ್ತೆ?"

ಅದೇ ಹೊತ್ತಿಗೆ ಕಿಂಡಿಯಲ್ಲಿ ಕೈಗಳು ಕಾಣಿಸಿಕೊಂಡವು. ಬಿಸಿ ಬನ್ನಿನ ಟ್ರೇ ಮುಂದಕ್ಕೆ ಬಂತು.

ಬಟನ್ ಗಲ್ಲಾದ ಪಕ್ಕದಿಂದ ನುಸುಳಿ ಒಳಗೆ ಹೋದಳು. ಅಮ್ಮ "ಬಟನ್!" ಎನ್ನುವಷ್ಟರಲ್ಲಿ ಕಿಂಡಿಯ ಮುಂದೆ ನಿಂತಿದ್ದಳು.

"ಮಾವ," ಎಂದಳು ಕೈಗಳಿಗೆ. "ನಾನು ನಿಮ್ಮನ್ನ ಅಳಿಸ್ಬಿಟ್ಟೆ. ತಪ್ಪಾಯ್ತು."

ಕೈಗಳು ನಿಂತವು. "ಯಾರಮ್ಮ ಅದು?" ಒಳಗಿಂದ ದಪ್ಪನೆಯ ದನಿ. "ಏನು ಅಳಿಸಿದೆ?"

"ನಿಮ್ಮನ್ನ. ಫೋಟೊದಲ್ಲಿ."

"ನಾನ್ಯಾವ ಫೋಟೊದಲ್ಲಿದ್ದೆ?"

ಗಾಜು ಒರೆಸುವ ಸದ್ದೂ ನಿಂತಿತು. ಬನ್ನಕ್ಕ ಬಟ್ಟೆಯನ್ನು ಎದೆಗೆ ಅವಚಿಕೊಂಡು, "ನೆನ್ನೆ ಅಪ್ಪ," ಎಂದಳು. "ಬಾಗಿಲು ಬಡ್ಕೊಳ್ತಿರ್ಲಿಲ್ಲ. ಸುಳ್ಳು ಹೇಳ್ದೆ."

ಒಳಗೆ ಒಲೆ ಗೊರಗೊರ ಎನ್ನುತ್ತಿತ್ತು.

"ಅಳಿಸಿದ್ದು ಒಳ್ಳೇದೇ ಆಯ್ತು ಮರಿ," ಎಂದಿತು ದನಿ ಕೊನೆಗೆ. "ತಪ್ಪೇನಿಲ್ಲ." ಕೈಗಳು ಖಾಲಿ ಟ್ರೇಯನ್ನು ಹಿಡಿದು ಎಳೆದುಕೊಂಡವು.

ಅಷ್ಟಕ್ಕೇ ಮುಗಿಯಬಹುದಿತ್ತು. ತಪ್ಪೊಪ್ಪಿಕೊಂಡದ್ದಾಯಿತು, ಕ್ಷಮೆ ಸಿಕ್ಕಿದ್ದೂ ಆಯಿತು. ಬಟನ್ ಮನೆಗೆ ಹೋಗಿ ಗಣಿತದ ಹೋಂವರ್ಕ್ ಮಾಡಬಹುದಿತ್ತು. ಆದರೆ ಬೆನ್ನ ಹಿಂದೆ ಬನ್ನಕ್ಕ ಮತ್ತೆ ಅದೇ ಗಾಜು ಒರೆಸಲು ಶುರುಮಾಡಿದ್ದಳು.

ಬಟನ್ ಪ್ರಿಂಟನ್ನು ಕಿಂಡಿಯೊಳಗೆ ತೂರಿಸಿದಳು. "ಮಾವ, ಒಂದ್ಸಲ ನೋಡಿ."

ಒಂದು ಕೈ ಏಪ್ರನ್ನಿಗೆ ಒರೆಸಿಕೊಂಡು ಬಂದು ಅದನ್ನು ತೆಗೆದುಕೊಂಡಿತು. ಗಿರಾಕಿಯೊಬ್ಬರು ಬಂದು ಬ್ರೆಡ್ ಕೇಳಿದರು. ಬನ್ನಕ್ಕ ಕೊಟ್ಟಳು. ಅವರು ಹೋದರು.

"ಇವಳು ಯಾರನ್ನ ನೋಡ್ತಿದಾಳೆ?" ಎಂದಿತು ದನಿ.

"ನಿಮ್ಮನ್ನ."

"ನಾನಿಲ್ವಲ್ಲ ಇಲ್ಲಿ."

"ಅದಕ್ಕೇ ಬಂದಿದ್ದು," ಎಂದಳು ಬಟನ್. "ನೀವಿಲ್ದಿದ್ರೆ ಅವಳು ಸುಮ್ನೆ ಬಾಗಿಲು ನೋಡ್ಕೊಂಡು ನಗ್ತಿರೋ ಹಾಗಿದೆ."

"ಮತ್ತೆ ಈ ನೆರಳು?"

"ಅದೂ ನಿಮ್ದೇ. ಅಳಿಸೋಕೆ ಮರ್ತೆ."

ಕಿಂಡಿಯಾಚೆ ಒಂದು ಸದ್ದಾಯಿತು. ನಗುವೋ ಕೆಮ್ಮೋ ತಿಳಿಯಲಿಲ್ಲ. "ಹಿಂದಿನಿಂದ ಬಾ," ಎಂದರು ಕೈಮಾವ. "ನಿಮ್ಮಮ್ಮನ್ನೂ ಕರ್ಕೊಂಡ್ ಬಾ."

ಹಿಟ್ಟಿನ ಕೋಣೆ ಫೋಟೊದಲ್ಲಿದ್ದಂತೆಯೇ ಇತ್ತು. ಮೂಟೆಗಳು, ಸ್ಟ್ಯಾಂಡು, ತಂತಿ ಕಟ್ಟಿದ ನೀಲಿ ಬಕೆಟ್. ಬಕೆಟ್ಟಿನಲ್ಲಿ ನೀರಿತ್ತು, ನೀರಿನಲ್ಲಿ ಒದ್ದೆ ಬಟ್ಟೆ. ಒಲೆಯಿಂದ ಈಚೆ ಬಂದಾಗಲೆಲ್ಲ ಕೈಮಾವ ಅದನ್ನು ಹಿಂಡಿ ಕತ್ತಿಗೆ ಹಾಕಿಕೊಳ್ಳುತ್ತಿದ್ದರು. ಈಗಲೂ ಹಾಕಿಕೊಂಡರು.

ಆಮೇಲೆ ತಿರುಗಿದರು.

ಮುಖದ ಒಂದು ಕಡೆ ಎಲ್ಲ ಮಾವಂದಿರ ಮುಖದ ಹಾಗೆಯೇ ಇತ್ತು. ಇನ್ನೊಂದು ಕಡೆ ಚರ್ಮ ಬಿಗಿದು, ಹೊಳೆದು, ಸುಕ್ಕಾಗಿ ಕೆಳಕ್ಕೆ ಎಳೆದುಕೊಂಡಿತ್ತು. ಆ ಕಡೆಯ ಕಣ್ಣು ಅರ್ಧ ಮುಚ್ಚಿತ್ತು. ಬಟನ್ ಕಾಲು ತಾನಾಗಿಯೇ ಒಂದು ಹೆಜ್ಜೆ ಹಿಂದೆ ಹೋಯಿತು.

"ಹೆದರಿಕೆ ಆಯ್ತಾ?" ಎಂದರು.

"ಸ್ವಲ್ಪ."

"ಈಗ?"

ಬಟನ್ ನೋಡಿದಳು. ಅಮ್ಮ ಕಲಿಸಿದ ಹಾಗೆ, ಮೊದಲು ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡಿದಳು. ಕಿಟಕಿಯಿಂದ. ಆಮೇಲೆ ಅದು ಎಲ್ಲೆಲ್ಲಿ ಬೀಳುತ್ತಿದೆ ಎಂದು ನೋಡಿದಳು. "ಈಗ ನಿಮ್ಮ ಕಿವಿ ಮೇಲೆ ಹಿಟ್ಟು ಕಾಣ್ತಿದೆ."

ಕೈಮಾವ ಕಿವಿ ಒರೆಸಿಕೊಂಡರು. ಪ್ರಿಂಟ್ ಇನ್ನೂ ಕೈಯಲ್ಲೇ ಇತ್ತು. "ಒಬ್ಬ ಮನುಷ್ಯನ್ನೇ ಅಳಿಸಿದೋಳು ನೀನು," ಎಂದರು. ಕೆನ್ನೆ ಮುಟ್ಟಿ ತೋರಿಸಿದರು. "ಇಷ್ಟು ಅಳಿಸೋಕಾಗುತ್ತಾ?"

ಆಗುತ್ತಿತ್ತು. ಆ ಕೆನ್ನೆಯಿಂದ ಎತ್ತಿ ಈ ಕೆನ್ನೆಗೆ ಮೆತ್ತಿದರಾಯಿತು. ಕಣ್ಣೂ ಹಾಗೆಯೇ. ಬಕೆಟ್ಟಿಗಿಂತ ಕಷ್ಟ, ಆದರೆ ಆಗುತ್ತಿತ್ತು. ಬಟನ್ ಅಮ್ಮನ ಕಡೆ ನೋಡಿದಳು. ಅಮ್ಮ ಕ್ಯಾಮೆರಾದ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು.

"ಆಗುತ್ತೆ," ಎಂದಳು ಬಟನ್.

"ಹಾಗಾದ್ರೆ ನಿಲ್ತೀನಿ. ಅಳಿಸಿ ಕೊಡು. ನಾಳೆ ಅವಳ ಮನೆ ಗೋಡೆ ಮೇಲೆ ಇರುತ್ತೆ. ಬಂದೋರು ಹೋದೋರು ನೋಡ್ತಾರೆ."

"ಬೇಡ," ಎಂದಳು ಬನ್ನಕ್ಕ. ಗಲ್ಲಾ ಬಿಟ್ಟು ಯಾವಾಗ ಬಂದಿದ್ದಳೋ, ಬಾಗಿಲ ಹತ್ತಿರ ನಿಂತಿದ್ದಳು. "ಬೇಡ ಅಪ್ಪ. ಹಾಗೆ ಮಾಡಿದ್ರೆ ಅದು ಯಾರದೋ ಫೋಟೊ ಆಗುತ್ತೆ."

"ಯಾರದೋ ಯಾಕೆ? ಅದು ನಾನೇ. ಮೊದಲು ಹಾಗೇ ಇದ್ದೆ."

"ನಂಗೇನು ಗೊತ್ತು?" ಎಂದಳು ಬನ್ನಕ್ಕ. "ಆ ಮುಖ ನಾನು ನೋಡೇ ಇಲ್ಲ. ನಂಗೆ ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು ಈ ಮುಖ. ಕತ್ತಲಾದ ಮೇಲೆ ಸೈಕಲ್ ಕಲಿಸುವಾಗ ಹಿಂದೆ ಓಡಿ ಬಂದಿದ್ದು ಈ ಮುಖ. ಅಲ್ಲಿ ಹೋದ್ಮೇಲೆ ನಿನ್ನ ನೆನಪಾದ್ರೆ ನಾನು ಯಾರನ್ನ ನೋಡ್ಲಿ?"

ಕೈಮಾವ ಒಲೆಯ ಕಡೆ ತಿರುಗಿದರು. ಒಲೆಯ ಬಾಗಿಲು ತೆರೆದು ಒಳಗೆ ನೋಡಿದರು. ಬ್ರೆಡ್ ಬೆಂದಿರಲಿಲ್ಲ, ಅದು ಅವರಿಗೆ ತೆರೆಯದೆಯೂ ಗೊತ್ತಿತ್ತು. ಮುಚ್ಚಿದರು.

"ಬಟ್ಟೆ ಹಾಕ್ಕೊಂಡ್ ಬಾ ಹಾಗಾದ್ರೆ," ಎಂದರು ಬೆನ್ನು ತಿರುಗಿಸಿಕೊಂಡೇ. "ಬ್ರೆಡ್ ಬೇಯೋಷ್ಟು ಹೊತ್ತು. ಅದಕ್ಕಿಂತ ಜಾಸ್ತಿ ನಿಲ್ಲೋಕಾಗಲ್ಲ ನಂಗೆ."

ಬನ್ನಕ್ಕ ಒಳಗೆ ಓಡಿದಳು.

ಅಮ್ಮ ಮೂಟೆಗಳನ್ನು ಸರಿಸಲಿಲ್ಲ. ಬಕೆಟ್ಟನ್ನೂ ಮುಟ್ಟಲಿಲ್ಲ. ಸ್ಟ್ಯಾಂಡಿನ ಕಂಬಿ ತಲೆಯ ಹಿಂದೆ ಬಾರದಂತೆ ತಾನೇ ಒಂದು ಹೆಜ್ಜೆ ಪಕ್ಕಕ್ಕೆ ಹೋದಳು, ಅಷ್ಟೇ. ಬನ್ನಕ್ಕ ಬಂದು ನಿಂತಳು. ಈ ಸಲ ಕೈಮಾವ ದೂರದ ಹೊಸ್ತಿಲಲ್ಲಿ ನಿಲ್ಲಲಿಲ್ಲ, ಅವಳ ಪಕ್ಕಕ್ಕೇ ಬಂದರು. ಎಲ್ಲಿ ಕೈ ಇಡುವುದೆಂದು ತಿಳಿಯದೆ ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡರು. ಮುಖದ ಒಳ್ಳೆಯ ಕಡೆಯನ್ನು ಕಿಟಕಿಗೆ ಕೊಟ್ಟು ನಿಂತರು. ಇನ್ನೊಂದು ಕಡೆ ಕತ್ತಲಲ್ಲಿ ಉಳಿಯಿತು. ಅಷ್ಟು ವರ್ಷಗಳಿಂದ ಅವರಿಗೆ ಬೆಳಕಿನ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ಅಮ್ಮ ಥರ್ಮೋಕೋಲ್ ಹಲಗೆಯನ್ನು ಬಟನ್ ಕೈಗೆ ಕೊಟ್ಟಳು. ಯಾವಾಗಲೂ "ಮೇಲೆ, ಕೆಳಗೆ, ಇನ್ನೂ ಓರೆ" ಎಂದು ಹೇಳುತ್ತಿದ್ದವಳು ಇವತ್ತು ಏನೂ ಹೇಳಲಿಲ್ಲ.

ಬಟನ್ ಕತ್ತಲಿನ ಕಡೆ ಹೋಗಿ ನಿಂತಳು. ಹಲಗೆ ಅವಳ ಎತ್ತರಕ್ಕೇ ಇತ್ತು. ಒಂಚೂರು ತಿರುಗಿಸಿದರೆ ಸಾಕು, ಕಿಟಕಿಯ ಬೆಳಕು ಅದಕ್ಕೆ ತಾಗಿ ಆ ಕೆನ್ನೆಗೆ ಹೋಗುತ್ತದೆ. ಅವಳ ಕೈ ತಿರುಗಿಸಲು ಹೊರಟು, ನಿಂತಿತು.

"ಮಾವ," ಎಂದಳು. "ಈ ಕಡೆಗೂ ಬೆಳಕು ಕೊಡ್ಲಾ?"

ಕೈಮಾವ ಮಗಳನ್ನು ನೋಡಿದರು. ಬನ್ನಕ್ಕ ಅವರ ಜೇಬಿನಿಂದ ಒಂದು ಕೈಯನ್ನು ಈಚೆ ಎಳೆದು ತನ್ನ ಕೈಯಲ್ಲಿ ಇಟ್ಟುಕೊಂಡಳು. ಹಿಟ್ಟು ಅವಳ ತೋಳಿನ ಬಟ್ಟೆಗೆಲ್ಲ ಮೆತ್ತಿತು.

"ಹ್ಞೂಂ," ಎಂದರು ಕೈಮಾವ. "ಮೆಲ್ಲ."

ಬಟನ್ ಮೆಲ್ಲಗೆ ತಿರುಗಿಸಿದಳು. ಬೆಳಕು ಮೊದಲು ಅವರ ಕತ್ತಿನ ಒದ್ದೆ ಬಟ್ಟೆಗೆ ಬಂತು. ಅಲ್ಲಿಂದ ಗದ್ದಕ್ಕೆ. ಅಲ್ಲಿಂದ ಸುಕ್ಕಾದ ಕೆನ್ನೆಗೆ. ಕೊನೆಗೆ ಅರ್ಧ ಮುಚ್ಚಿದ ಕಣ್ಣಿಗೆ ಬಂದು, ಅದರೊಳಗೆ ಒಂದು ಸಣ್ಣ ಬಿಳಿ ಚುಕ್ಕೆಯಾಗಿ ಕೂತಿತು.

ಅಮ್ಮ ಕ್ಲಿಕ್ ಮಾಡಿದಳು. ಇನ್ನೊಮ್ಮೆ ಮಾಡಿದಳು.

"ಬ್ರೆಡ್!" ಎಂದರು ಕೈಮಾವ, ಒಲೆಯ ಕಡೆ ಧಾವಿಸಿದರು.

ಸಂಜೆ ಅಮ್ಮ ಕುರ್ಚಿಯನ್ನು ಕಂಪ್ಯೂಟರಿನ ಮುಂದೆ ಎಳೆದು, "ಕೂತ್ಕೋ," ಎಂದಳು. ತಾನು ಪ್ರಿಂಟರಿಗೆ ದೊಡ್ಡ ಕಾಗದ ಹಾಕತೊಡಗಿದಳು.

ಬಟನ್ ಮೊದಲು ಕಾಪಿ ಮಾಡಿದಳು. ಯಾಕೋ ಇನ್ನೊಂದು ಕಾಪಿಯನ್ನೂ ಮಾಡಿದಳು. ಆಮೇಲೆ ಫೋಟೊವನ್ನು ದೊಡ್ಡದು ಮಾಡಿ, ಒಂದು ತುದಿಯಿಂದ ನೋಡುತ್ತಾ ಹೋದಳು. ಬಕೆಟ್ಟನ್ನು ನೋಡಿದಳು. ತಂತಿಯನ್ನು ಎಷ್ಟು ನೀಟಾಗಿ ಸುತ್ತಿದ್ದರು! ತೋಳಿನ ಮೇಲಿನ ಹಿಟ್ಟನ್ನು ನೋಡಿದಳು. ಕೈಗಳನ್ನು, ಇಬ್ಬರ ಮುಖಗಳನ್ನು ನೋಡಿದಳು. ಬನ್ನಕ್ಕ ಇಲ್ಲೂ ಕ್ಯಾಮೆರಾ ನೋಡುತ್ತಿರಲಿಲ್ಲ.

ಫೋಟೊದ ಅಂಚಿಗೆ ಬಂದಾಗ ಬಟನ್ ಮುಖ ಕಿವುಚಿದಳು. ಅಲ್ಲಿ ಬಿಳಿ ಹಲಗೆಯ ಮೂಲೆಯೊಂದು ಒಳಗೆ ಬಂದಿತ್ತು. ಅದನ್ನು ಗಟ್ಟಿಯಾಗಿ ಹಿಡಿದ ನಾಲ್ಕು ಬೆರಳುಗಳೂ ಬಂದಿದ್ದವು. ಒಂದು ಉಗುರಿನ ಮೇಲೆ ಸ್ಕೆಚ್‌ಪೆನ್ನಿನ ಹಸಿರು ಬಣ್ಣ.

ಇಂಥದ್ದನ್ನು ಅಳಿಸಲು ಒಂದು ನಿಮಿಷ ಸಾಕು. ಪಕ್ಕದಲ್ಲೇ ಗೋಡೆಯಿದೆ. ಮೌಸಿನ ಬಾಣ ಬೆರಳುಗಳ ಮೇಲೆ ಹೋಗಿ ನಿಂತಿತು. ಅಲ್ಲೇ ನಿಂತಿತ್ತು.

ಬಟನ್ ಕುರ್ಚಿಯಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗೆ?" ಎಂದಳು ಅಮ್ಮ.

"ಈಗ ಬಂದೆ. ಕೇಳ್ಕೊಂಡ್ ಬರ್ತೀನಿ."

ಬೇಕರಿಯಲ್ಲಿ ಸಂಜೆಯ ಗುಂಪಿತ್ತು. ಗಲ್ಲಾದಲ್ಲಿ ಬನ್ನಕ್ಕನ ಬದಲು ಅವಳ ಚಿಕ್ಕಮ್ಮ ಇದ್ದರು. ಬಟನ್ ಪಕ್ಕದಿಂದ ನುಸುಳಿ, ತುದಿಗಾಲಲ್ಲಿ ನಿಂತು ಕಿಂಡಿಯ ಹಲಗೆ ತಟ್ಟಿದಳು.

"ಮಾವ! ಫೋಟೊದ ಅಂಚಲ್ಲಿ ನನ್ನ ಬೆರಳು ಬಂದ್ಬಿಟ್ಟಿದೆ. ಅಳಿಸ್ಲಾ?"

ಟ್ರೇ ಹಿಡಿದಿದ್ದ ಕೈಗಳು ನಿಂತವು. ಟ್ರೇಯನ್ನು ಕೆಳಗಿಟ್ಟವು. ಹಲಗೆಯ ಮೇಲೆ ಊರಿದವು. ಆಮೇಲೆ ಕಿಂಡಿಯಲ್ಲಿ, ಕೈಗಳ ನಡುವೆ, ಮೆಲ್ಲಗೆ ಒಂದು ಗದ್ದ ಇಳಿಯಿತು. ಮೂಗು ಇಳಿಯಿತು. ಎರಡು ಕಣ್ಣುಗಳು ಇಳಿದವು. ಅಂಗಡಿಯ ಟ್ಯೂಬ್‌ಲೈಟಿನ ಬೆಳಕು ಎರಡೂ ಕೆನ್ನೆಗಳ ಮೇಲೆ ಒಂದೇ ಸಮ ಬಿತ್ತು.

"ಎಷ್ಟು ಬೆರಳು?" ಎಂದು ಕೇಳಿತು ಆ ಮುಖ.

"ನಾಲ್ಕು."

ಕೈಮಾವ ಯೋಚಿಸಿದರು. ಬಟನ್ ಹಿಂದೆ ಗುಂಪಿನಲ್ಲಿ ಯಾರೋ ಮಾತು ನಿಲ್ಲಿಸಿದ್ದು ಕೇಳಿಸಿತು. ಯಾವುದೋ ಮಗು "ಅಮ್ಮಾ, ಅಲ್ಲಿ ನೋಡು," ಎಂದಿತು. ಕೈಮಾವನಿಗೂ ಕೇಳಿಸಿರಬೇಕು. ಆದರೆ ಮುಖ ಹಿಂದೆ ಸರಿಯಲಿಲ್ಲ.

"ಇರ್ಲಿ ಬಿಡು," ಎಂದರು. "ನೀನೂ ಅಲ್ಲಿದ್ದೆಯಲ್ಲ."

ಬಟನ್ ತಲೆಯಾಡಿಸಿದಳು. ಬಿಸಿ ಬನ್ನೊಂದು ಕಿಂಡಿಯಿಂದ ಅವಳ ಕೈಗೆ ಬಂತು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳು ಬೀದಿಗಿಳಿದಳು. ದೀಪದ ಕಂಬ ದಾಟಿದ ಮೇಲೆ ಅವಳ ನೆರಳು ಮುಂದೆ ಬಂತು. ಅದನ್ನು ತುಳಿಯದ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿದು ನಡೆಯಲು ನೋಡಿದಳು. ಆಗಲಿಲ್ಲ. ನೆರಳು ಅವಳ ಜೊತೆಗೇ ಬಂತು.